ಗಣಕಯಂತ್ರದ ಮನೆನಂಬರುಗಳು



ನಮ್ಮ ಮನೆಗಳ ಕಪಾಟನ್ನು ತೆರೆದು ನೋಡಿದರೆ ಹಳೆಯ ಮೊಬೈಲ್ ಫೋನೊಂದು ಸಿಕ್ಕದೆ ಇರುವುದು ಇಂದು ವಿರಳ. ಅದರ ಗಾಜು ಒಡೆದಿರುವುದಿಲ್ಲ, ಒತ್ತಿದರೆ ಬೆಳಗುತ್ತದೆ, ಮಾತೂ ಕೇಳಿಸುತ್ತದೆ. ಆದರೂ ಬ್ಯಾಂಕಿನ ಆ್ಯಪು ಅದರಲ್ಲಿ ಕೂಡುವುದಿಲ್ಲ, ಹೊಸದೇನನ್ನೂ ಅದು ಒಪ್ಪುವುದಿಲ್ಲ. ಕಷ್ಟದಿಂದ ದುಡಿದ ಹಣ ಕೊಟ್ಟು ತಂದ ವಸ್ತು ಕೆಲವೇ ವರ್ಷಗಳಲ್ಲಿ ಹೀಗೆ ಮೂಲೆ ಸೇರುವುದಕ್ಕೆ ಕಾರಣಗಳು ಹಲವು. ವ್ಯಾಪಾರದ ಕಾರಣಗಳೂ ಅದರಲ್ಲಿ ಉಂಟು. ಆದರೆ ಬುಡದಲ್ಲಿರುವ ಕಾರಣಗಳಲ್ಲಿ ಒಂದು ಶಾಸ್ತ್ರಕ್ಕೆ ಸಂಬಂಧಿಸಿದ್ದು. ಯಂತ್ರವನ್ನು ನಡೆಸುವ ಮೂಲ ತಂತ್ರಾಂಶವನ್ನು ಆ ಒಂದು ಯಂತ್ರಕ್ಕೇ ಕಟ್ಟಿಹಾಕಿದಂತೆ ಬರೆದರೆ, ಹಳೆಯ ತಂತ್ರಾಂಶ ಹೊಸ ಯಂತ್ರಕ್ಕೆ ಹೋಗಲಾರದು, ಹೊಸ ತಂತ್ರಾಂಶ ಹಳೆಯ ಯಂತ್ರಕ್ಕೆ ಬರಲಾರದು. ಹಾಗೆ ಕಟ್ಟಿಹಾಕದೆ ಬರೆಯುವ ಬಗೆ ಯಾವುದು ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ಕನ್ನಡ ಪಾಠ ಹೇಳುವವನಿಗೆ ಈ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಪದಕ್ಕೂ ಪದಾರ್ಥಕ್ಕೂ ಇರುವ ಸಂಬಂಧವೇ ನಮ್ಮ ವ್ಯಾಕರಣದ ಮೊದಲ ಪಾಠವಷ್ಟೆ? ಗಣಕಯಂತ್ರದ ಈ ಪ್ರಶ್ನೆಯೂ ಕಟ್ಟಕಡೆಗೆ ಹೆಸರಿಗೂ ನೆಲೆಗೂ ಇರುವ ಸಂಬಂಧದ ಪ್ರಶ್ನೆಯೇ ಆಗಿದೆ.

ಮೊದಲು ಗಣಕಯಂತ್ರದ ಮೆಮರಿ ಎಂದರೇನು ಎಂಬುದನ್ನು ನೋಡೋಣ. ಒಂದೇ ಉದ್ದನೆಯ ಬೀದಿಯುಳ್ಳ ಊರೊಂದನ್ನು ಭಾವಿಸಿಕೊಳ್ಳಿ. ಬೀದಿಯ ಮನೆಗಳಿಗೆಲ್ಲ ಸೊನ್ನೆಯಿಂದ ಆರಂಭಿಸಿ ಸಾಲಾಗಿ ನಂಬರು ಹಾಕಿದೆ. ಒಂದೊಂದು ಮನೆಯಲ್ಲಿ ಒಂದೊಂದು ಸಣ್ಣ ಸಂಖ್ಯೆಯನ್ನು ಇಡಬಹುದು. ಇಂಥ ಒಂದು ಮನೆಗೆ ಬೈಟ್ ಎಂದು ಹೆಸರು. ೧೦೨೪ ಬೈಟುಗಳು ಒಂದು ಕಿಲೋಬೈಟು. ಅಂಥವು ೧೦೨೪ ಸೇರಿದರೆ ಒಂದು ಮೆಗಾಬೈಟು. ಅವು ೧೦೨೪ ಸೇರಿದರೆ ಒಂದು ಗಿಗಾಬೈಟು. ಪ್ರೊಸೆಸರು ಎಂಬ ಮಿದುಳು ಅಂಚೆಯವನಂತೆ ನಂಬರನ್ನು ಕೂಗಿ, ಆ ಮನೆಯಲ್ಲಿ ಇದ್ದುದನ್ನು ತರುತ್ತದೆ, ಇಲ್ಲವೆ ಅಲ್ಲಿ ಹೊಸದನ್ನು ಇಟ್ಟು ಬರುತ್ತದೆ.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ಬೀದಿಯ ನಂಬರುಗಳೆಲ್ಲವೂ ವಾಸದ ಮನೆಗಳಲ್ಲ. ಕೆಲವು ನಂಬರುಗಳ ಬಾಗಿಲು ತೆರೆದರೆ ಒಳಗೆ ಮೆಮರಿಯೇ ಇರುವುದಿಲ್ಲ; ಅದು ಪರದೆಗೆ ಹೋಗುವ ಬಾಗಿಲು, ಕೀಲಿಮಣೆಗೆ ಹೋಗುವ ಬಾಗಿಲು, ಗಡಿಯಾರಕ್ಕೋ ಹೊರಗಿನ ತಂತಿಗೋ ಹೋಗುವ ಬಾಗಿಲು. ಇನ್ನು ಕೆಲವು ನಂಬರುಗಳಲ್ಲಿ ಬರಿಯ ಬಯಲು. ಯಾವ ನಂಬರಿನಿಂದ ಯಾವ ನಂಬರಿನವರೆಗೆ ಏನಿದೆ ಎಂಬ ಹಂಚಿಕೆಗೆ ಮೆಮರಿಯ ನಕಾಶೆ ಎನ್ನುತ್ತಾರೆ. ಈ ನಕಾಶೆಯನ್ನು ನಿರ್ಣಯಿಸುವವನು ತಂತ್ರಾಂಶ ಬರೆಯುವವನಲ್ಲ, ಯಂತ್ರವನ್ನು ಕಟ್ಟಿದವನು. ಹತ್ತು ಜನ ಕಟ್ಟಿದರೆ ಹತ್ತು ನಕಾಶೆ. ತೊಡಕು ಹುಟ್ಟುವುದೇ ಇಲ್ಲಿ.

ನಮ್ಮ ರಾಜ್ಯದ್ದೇ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಎಂಬ ಸಂಸ್ಥೆಯವರೂ ಕೂಡಿ, ಓದುಬರಹ ಕಡಿಮೆ ಬಲ್ಲವರೂ ಬಳಸಬಹುದಾದ, ಅಂಗೈಯಗಲದ ಸಿಂಪ್ಯೂಟರ್ ಎಂಬ ಯಂತ್ರವನ್ನು ರೂಪಿಸಿ ೨೦೦೧ರಲ್ಲಿ ಲೋಕಕ್ಕೆ ತೋರಿಸಿದರು. ಕರ್ನಾಟಕ ಸರ್ಕಾರವು ಭೂದಾಖಲೆಗಳ ಕೆಲಸಕ್ಕೂ ಅದನ್ನು ಬಳಸಿತು. ಅದರ ಮೂಲ ತಂತ್ರಾಂಶ ಲಿನಕ್ಸ್. ಈ ಲಿನಕ್ಸನ್ನು ಫಿನ್‌ಲ್ಯಾಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ೧೯೯೧ರಲ್ಲಿ ಬರೆಯತೊಡಗಿದ್ದು ಮೇಜಿನ ಮೇಲಿನ ಸಾಧಾರಣ ಪಿಸಿಗಾಗಿ. ಪಿಸಿಯಲ್ಲಿ ಮೆಮರಿ ಸೊನ್ನೆಯ ನಂಬರಿನಿಂದಲೇ ಆರಂಭವಾಗುತ್ತದೆ. ೬೪೦ ಕಿಲೋಬೈಟಿನ ಗುರುತು ದಾಟಿದೊಡನೆ ಪರದೆಯ ಚಿತ್ರಕ್ಕೆ ಮೀಸಲಾದ ಜಾಗ ಬರುತ್ತದೆ. ಇತರ ಎಷ್ಟೋ ಸಲಕರಣೆಗಳಿಗೆ ಬೇರೆಯೇ ಒಂದು ನಂಬರಿನ ಸಾಲು ಇದೆ. ಸಿಂಪ್ಯೂಟರಿನಲ್ಲಿದ್ದ ಸ್ಟ್ರಾಂಗ್‌ಆರ್ಮ್ ಎಂಬ ಪ್ರೊಸೆಸರಿನ ರೀತಿ ಬೇರೆ. ಸಲಕರಣೆಗಳಿಗೆಂದು ಪ್ರತ್ಯೇಕ ಸಾಲೇ ಅದರಲ್ಲಿಲ್ಲ. ಎಲ್ಲವೂ ಒಂದೇ ಬೀದಿಯಲ್ಲಿ. ಅದರ ಮೆಮರಿಯಾದರೋ ಸೊನ್ನೆಯಿಂದಲ್ಲ, ಮೂರು ಗಿಗಾಬೈಟಿನ ಗುರುತಿನಿಂದ ಆರಂಭ. ಯಂತ್ರದಲ್ಲಿದ್ದ ಮೆಮರಿ ಕೆಲವೇ ಹತ್ತು ಮೆಗಾಬೈಟು. ಅರವತ್ತು ಮನೆಯ ಹಳ್ಳಿಯಲ್ಲಿ ಮೊದಲನೆಯ ಮನೆಗೆ ಮೂರು ಸಾವಿರದ ನಂಬರು ಹಾಕಿದಂತೆ! ಮೆಮರಿ ಸೊನ್ನೆಯಿಂದಲೇ ಇರುತ್ತದೆಂದು ನಂಬಿ ಬರೆದ ತಂತ್ರಾಂಶ ಇಂಥ ಊರಿಗೆ ಬಂದರೆ ಬಯಲಿನಲ್ಲಿ ನಿಂತು ಬಾಗಿಲು ತಟ್ಟಬೇಕಾದೀತು.

ಹಾಗಾದರೆ ಲಿನಕ್ಸ್ ಅಲ್ಲಿಗೆ ಹೇಗೆ ಬಂದಿತು? ೧೯೯೫ರ ಹೊತ್ತಿಗೇ ಅದನ್ನು ಬರೆಯುವವರು ಯಂತ್ರಯಂತ್ರಕ್ಕೂ ಬದಲಾಗುವ ಭಾಗವನ್ನು ಬೇರೆ ಕಡತದಲ್ಲಿಯೂ, ಎಲ್ಲ ಯಂತ್ರಗಳಿಗೂ ಸಮಾನವಾದ ಭಾಗವನ್ನು ಬೇರೆ ಕಡತದಲ್ಲಿಯೂ ಇಡುವ ಶಿಸ್ತನ್ನು ತಂದುಕೊಂಡಿದ್ದರು. ಆದುದರಿಂದ ಹೊಸ ಯಂತ್ರ ಬಂದಾಗ ಸಣ್ಣ ಕಡತವನ್ನು ತಿದ್ದಿದರೆ ಸಾಕಾಯಿತು. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ಬಹಳ ಕಾಲ ನಿಲ್ಲಲಿಲ್ಲ, ನಿಜ. ಆದರೆ ನಮ್ಮ ಕೆಲವೇ ಮಂದಿ ಒಂದು ಹೊಸ ಯಂತ್ರವನ್ನು ಕಟ್ಟಿ, ಲೋಕದ ತಂತ್ರಾಂಶವನ್ನು ಅದಕ್ಕೆ ತಂದು ಕೂಡಿಸಲು ಸಾಧ್ಯವಾದದ್ದು ಈ ಶಿಸ್ತಿನ ಫಲವೆಂಬುದನ್ನು ಮರೆಯಬಾರದು.

ಒಂದೇ ಕುಲದ ಯಂತ್ರಗಳಲ್ಲಿಯೂ ನಕಾಶೆ ಒಂದೇ ಆಗಿರುತ್ತದೆಂದು ಭಾವಿಸುವಂತಿಲ್ಲ. ಇಂದು ಶಾಲೆಯ ಮಕ್ಕಳೂ ಕೈಯಲ್ಲಿ ಹಿಡಿದು ಪ್ರಯೋಗ ಮಾಡುವ ರಾಸ್ಪ್‌ಬೆರಿ ಪೈ ಎಂಬ ಸಣ್ಣ ಹಲಗೆಯನ್ನೇ ನೋಡಿ. ೨೦೧೨ರಲ್ಲಿ ಬಂದ ಮೊದಲ ಹಲಗೆಯಲ್ಲಿ ಸಲಕರಣೆಗಳ ಕೇರಿ ೫೧೨ ಮೆಗಾಬೈಟಿನ ಗುರುತಿನಿಂದ ಆರಂಭ. ೨೦೧೫ರ ಎರಡನೆಯ ಪೈಯಲ್ಲಿ ಮೆಮರಿ ಒಂದು ಗಿಗಾಬೈಟಿಗೆ ಬೆಳೆದುದರಿಂದ ಆ ಕೇರಿ ೧೦೦೮ ಮೆಗಾಬೈಟಿಗೆ ಸರಿಯಬೇಕಾಯಿತು. ೨೦೧೯ರ ನಾಲ್ಕನೆಯ ಪೈಯಲ್ಲಿ ಮೆಮರಿ ಇನ್ನೂ ಹೆಚ್ಚಿ, ಕೇರಿ ೪೦೬೪ ಮೆಗಾಬೈಟಿಗೆ ಹೋಯಿತು. ಊರು ಬೆಳೆದಂತೆ ಸಂತೆಯ ಬಯಲನ್ನು ಊರಾಚೆಗೆ ಒಯ್ಯುವುದಿಲ್ಲವೆ, ಹಾಗೆ. ಮೊದಲ ಹಲಗೆಯ ನಂಬರನ್ನೇ ಪ್ರೋಗ್ರಾಮಿನೊಳಗೆ ಬರೆದಿದ್ದವರ ದೀಪ ಎರಡನೆಯ ಹಲಗೆಯಲ್ಲಿ ಹೊತ್ತಲಿಲ್ಲ. ಆದರೆ ಸ್ವಾರಸ್ಯವೇನೆಂದರೆ, ದೀಪದ ತಂತಿಗಳನ್ನು ಆಳುವ ಬಾಗಿಲು ಈ ಮೂರರಲ್ಲಿಯೂ ಕೇರಿಯ ಮೊದಲಿನಿಂದ ಎರಡು ಮೆಗಾಬೈಟು ದೂರದಲ್ಲಿಯೇ ಇದೆ. ಕೇರಿ ಸರಿದರೂ ಕೇರಿಯೊಳಗಿನ ಅಂತರ ಸರಿಯಲಿಲ್ಲ. ಆದಕಾರಣ ಕೇರಿಯ ನೆಲೆಯನ್ನು ಒಂದು ಕಡೆ, ಒಳಗಿನ ಅಂತರವನ್ನು ಇನ್ನೊಂದು ಕಡೆ ಬರೆದು, ಎರಡನ್ನೂ ಕೂಡಿಸಿಕೊಂಡು ನಡೆದವನು ಒಂದೇ ಒಂದು ಸಂಖ್ಯೆಯನ್ನು ಬದಲಾಯಿಸಿ ಪಾರಾದನು. ಎರಡನ್ನೂ ಬೆರೆಸಿ ನೂರು ಕಡೆ ಬರೆದವನು ನೂರು ಕಡೆ ತಿದ್ದಬೇಕಾಯಿತು.

ಈ ತತ್ತ್ವವನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಚಿತ್ತಾಪುರದ ಮಗ್ಗುಲಲ್ಲಿ ನಾಗಾವಿ ಇದೆ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ ಅಲ್ಲಿ ದೊಡ್ಡ ಘಟಿಕಾಸ್ಥಾನವಿತ್ತು. ಕ್ರಿ.ಶ. ೧೦೫೮ರ ಶಾಸನವು ಅಲ್ಲಿನ ವಿದ್ಯಾರ್ಥಿಗಳನ್ನೂ ಉಪಾಧ್ಯಾಯರನ್ನೂ ಹೇಳುವುದರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ, ಎಂದರೆ ಪುಸ್ತಕಪಾಲಕರನ್ನೂ, ಹೇಳುತ್ತದೆ. ಓಲೆಗರಿಯ ಕಟ್ಟುಗಳನ್ನು ಕಾಯುವುದಕ್ಕೆ ಆರು ಜನರೇಕೆ? ವಿದ್ಯಾರ್ಥಿಯು ಬಂದು ಗ್ರಂಥದ ಹೆಸರನ್ನು ಹೇಳುತ್ತಾನೆ. ಅದು ಯಾವ ಕೋಣೆಯ ಯಾವ ಮಾಡದಲ್ಲಿದೆ ಎಂಬುದನ್ನು ಬಲ್ಲವನು ಭಂಡಾರಿಗ ಎಂದು ನಾವು ಊಹಿಸಬಹುದು. ಮಳೆಗಾಲಕ್ಕೆ ಕಟ್ಟುಗಳನ್ನು ಬೇರೆ ಕೋಣೆಗೆ ಸಾಗಿಸಿದರೂ ವಿದ್ಯಾರ್ಥಿಗೆ ತೊಂದರೆಯಿಲ್ಲ. ಅವನು ಅರಿತಿರುವುದು ಹೆಸರನ್ನು, ಮಾಡದ ನಂಬರನ್ನಲ್ಲ. ಹೆಸರು ಹಿಡಿದು ಕೇಳುವವನು ಒಬ್ಬ, ನೆಲೆಯನ್ನು ಬಲ್ಲವನು ಇನ್ನೊಬ್ಬ. ಈ ಎರಡು ಕೆಲಸಗಳನ್ನು ಬೇರ್ಪಡಿಸುವುದೇ ಯಂತ್ರದಿಂದ ಯಂತ್ರಕ್ಕೆ ಒಯ್ಯಬಹುದಾದ ತಂತ್ರಾಂಶದ ಮೂಲಮಂತ್ರ.

ಭಂಡಾರಿಗನ ಬಳಿ ಪಟ್ಟಿಯೊಂದಿರಬೇಕಷ್ಟೆ? ಆ ಪಟ್ಟಿ ಎಲ್ಲಿರಬೇಕೆಂಬುದೂ ವಿಚಾರಾರ್ಹವೇ. ಆರ್ಮ್ ಎಂಬ ಪ್ರೊಸೆಸರುಗಳ ಕುಲ ಫೋನುಗಳಲ್ಲಿ ಹರಡಿದಂತೆಲ್ಲ, ಒಂದೊಂದು ಹಲಗೆಗೆ ಒಂದೊಂದು ಪಟ್ಟಿಯನ್ನು ಲಿನಕ್ಸಿನ ಪ್ರೋಗ್ರಾಮಿನೊಳಗೇ ಬರೆಯತೊಡಗಿದರು. ಅದು ಎಷ್ಟು ಬೆಳೆಯಿತೆಂದರೆ ೨೦೧೧ರಲ್ಲಿ ಟೋರ್ವಾಲ್ಡ್ಸರೇ ಬೇಸತ್ತು ಬಹಿರಂಗವಾಗಿ ಆಕ್ಷೇಪಿಸಿದರು. ಅನಂತರ ಡಿವೈಸ್ ಟ್ರೀ ಎಂಬ ಪದ್ಧತಿ ಆರ್ಮ್ ಯಂತ್ರಗಳಿಗೂ ಬಂದಿತು. ಯಂತ್ರದಲ್ಲಿ ಏನೇನಿದೆ, ಯಾವ ನಂಬರಿನಲ್ಲಿದೆ ಎಂಬುದನ್ನು ಮರದ ಕೊಂಬೆಗಳಂತೆ ವಿಂಗಡಿಸಿ ಬರೆದ ಬೇರೊಂದು ದಾಖಲೆಯೇ ಅದು. ಯಂತ್ರವು ಏಳುವಾಗ ಆ ದಾಖಲೆಯನ್ನು ಮೂಲ ತಂತ್ರಾಂಶದ ಕೈಗೆ ಕೊಡುತ್ತದೆ. ತಂತ್ರಾಂಶವು ಅದನ್ನು ಓದಿಕೊಂಡು, ತನಗೆ ಬೇಕಾದ ಸಲಕರಣೆಯನ್ನು ಹೆಸರಿನಿಂದ ಹುಡುಕಿ ನೆಲೆಯನ್ನು ಅರಿಯುತ್ತದೆ. ಊರು ಬದಲಾದರೆ ಪಹಣಿಯನ್ನು ಬದಲಾಯಿಸಬೇಕು. ಕಾನೂನನ್ನೇ ತಿದ್ದಿ ಬರೆಯಬಾರದು. ಪಿಸಿಗಳಲ್ಲಿಯೂ ಯಂತ್ರವನ್ನು ಎಬ್ಬಿಸುವ ಬಯೋಸ್ ಎಂಬ ಮೊದಲ ತಂತ್ರಾಂಶವು ಮೆಮರಿ ಎಲ್ಲಿಂದ ಎಲ್ಲಿಯವರೆಗೆ ಇದೆಯೆಂಬ ಪಟ್ಟಿಯನ್ನು ಕೇಳಿದವರಿಗೆ ಕೊಡುತ್ತದೆ. ಕೇಳಿ ತಿಳಿಯುವುದಕ್ಕೆ ದಾರಿಯಿರುವಲ್ಲಿ ಊಹಿಸಿ ನಡೆಯುವುದು ಜಾಣತನವಲ್ಲ.

ಇನ್ನು ನಕಾಶೆಯೊಳಗೊಂದು ನಕಾಶೆಯಿದೆ. ಇಂದಿನ ಫೋನು, ಕಂಪ್ಯೂಟರುಗಳಲ್ಲಿ ನಾವು ಬಳಸುವ ಪ್ರೋಗ್ರಾಮುಗಳಿಗೆ ನಿಜವಾದ ಮನೆನಂಬರು ಕಾಣಿಸುವುದೇ ಇಲ್ಲ. ಒಂದೊಂದು ಪ್ರೋಗ್ರಾಮಿಗೂ ಇಡೀ ಊರೇ ತನ್ನದೆಂಬ ಭ್ರಮೆಯನ್ನು ಕೊಟ್ಟು, ಅದು ಕೂಗಿದ ನಂಬರನ್ನು ನಿಜವಾದ ನಂಬರಿಗೆ ಬದಲಾಯಿಸಿಕೊಡುವ ಭಾಗವೊಂದು ಪ್ರೊಸೆಸರಿನಲ್ಲಿದೆ. ಈ ಬದಲಾವಣೆಯನ್ನು ಮನೆಮನೆಗೂ ಮಾಡುತ್ತ ಕೂತರೆ ಮುಗಿಯುವುದಿಲ್ಲವಾದುದರಿಂದ, ಮೆಮರಿಯನ್ನು ಸಮನಾದ ಹಲ್ಲೆಗಳಾಗಿ ವಿಂಗಡಿಸಿ, ಹಲ್ಲೆಗೊಂದು ಲೆಕ್ಕದಂತೆ ಇಡುತ್ತಾರೆ. ನಮ್ಮ ಶಹಾಬಾದಿನ ಹಾಸುಗಲ್ಲನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ನೆಲವನ್ನು ಕಲ್ಲುಗಳ ಲೆಕ್ಕದಲ್ಲಿ ಅಳೆಯುವಂತೆ ಮೆಮರಿಯನ್ನು ಈ ಹಲ್ಲೆಗಳ ಲೆಕ್ಕದಲ್ಲಿ ಅಳೆಯುವುದು. ಇಂಗ್ಲಿಷಿನವರು ಇದಕ್ಕೆ ಪೇಜ್ ಎನ್ನುತ್ತಾರೆ.

ಬಹುಕಾಲ ಸಾಧಾರಣ ಯಂತ್ರಗಳಲ್ಲಿ ಈ ಹಲ್ಲೆಯ ಅಳತೆ ನಾಲ್ಕು ಕಿಲೋಬೈಟು. ಆದುದರಿಂದ ಎಷ್ಟೋ ಜನ ೪೦೯೬ ಎಂಬ ಸಂಖ್ಯೆಯನ್ನು ಸೃಷ್ಟಿನಿಯಮವೆಂಬಂತೆ ಪ್ರೋಗ್ರಾಮುಗಳಲ್ಲಿ ಬರೆದುಬಿಟ್ಟರು. ಆಪಲ್ ಕಂಪನಿ ೨೦೨೦ರಲ್ಲಿ ತಂದ ಎಂ-೧ ಪ್ರೊಸೆಸರಿನ ಕಂಪ್ಯೂಟರುಗಳಲ್ಲಿ ಹಲ್ಲೆ ಹದಿನಾರು ಕಿಲೋಬೈಟಿನದಾಯಿತು. ೨೦೨೪ರ ಆಂಡ್ರಾಯ್ಡ್ ೧೫ ಕೂಡ ಹದಿನಾರರ ಹಲ್ಲೆಗೆ ಅವಕಾಶ ಮಾಡಿಕೊಟ್ಟಿತು. ಒಂದಡಿ ಚೌಕದ ಕಲ್ಲಿನ ಬದಲು ಎರಡಡಿ ಚೌಕದ ಕಲ್ಲು ಹಾಸಿದರೆ ಒಂದು ಕಲ್ಲು ನಾಲ್ಕರ ಜಾಗವನ್ನು ಮುಚ್ಚುವುದಷ್ಟೆ? ಇದೂ ಹಾಗೆಯೇ. ಚಿಕ್ಕ ಕಲ್ಲಿನ ಲೆಕ್ಕದಲ್ಲಿ ಗೋಡೆ ಗುರುತಿಸಿದವನು ದೊಡ್ಡ ಕಲ್ಲಿನ ನೆಲದಲ್ಲಿ ಸಂದಿಯ ಮೇಲೆ ಗೋಡೆ ನಿಲ್ಲಿಸಲಾರ. ಪರಿಹಾರವೇನು? ಹಲ್ಲೆಯ ಅಳತೆ ಎಷ್ಟೆಂದು ಯಂತ್ರವನ್ನೇ ಕೇಳುವ ಕರೆ ಇದೆ. ಅದನ್ನು ಕೇಳಿ, ಬಂದ ಉತ್ತರದಂತೆ ಲೆಕ್ಕ ಹಾಕಿದರೆ ಯಾವ ಕಲ್ಲಾದರೂ ಸರಿಯೇ.

ನೆಲೆ ಸಿಕ್ಕಮೇಲೂ ಎಚ್ಚರ ತಪ್ಪಬಾರದು. ಸಲಕರಣೆಯ ಬಾಗಿಲು ಮೆಮರಿಯ ಮನೆಯಂತೆ ಕಂಡರೂ ಮನೆಯಲ್ಲ. ಉಗ್ರಾಣದಲ್ಲಿ ಒಂದು ಮೂಟೆಯನ್ನಿಟ್ಟು, ಅದನ್ನು ತೆಗೆದು ಇನ್ನೊಂದನ್ನಿಟ್ಟರೆ ಉಳಿಯುವುದು ಎರಡನೆಯದೇ. ಮೊದಲನೆಯದನ್ನು ಇಡದಿದ್ದರೂ ನಡೆಯುತ್ತಿತ್ತು. ಆದರೆ ಅಂಚೆಪೆಟ್ಟಿಗೆಯಲ್ಲಿ ಎರಡು ಕಾಗದ ಹಾಕಿದರೆ ಎರಡೂ ಹೋಗುತ್ತವೆ, ಹಾಕಿದ ಕ್ರಮವೂ ಮುಖ್ಯವಾಗಬಹುದು. ನಾವು ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರು ಈ ಭೇದವನ್ನು ತಾನಾಗಿ ಅರಿಯದು. ಒಂದೇ ನಂಬರಿಗೆ ಎರಡು ಸಲ ಬರೆದುದನ್ನು ಕಂಡು, ಮೊದಲನೆಯದು ವ್ಯರ್ಥವೆಂದು ಬಿಟ್ಟುಬಿಡಬಹುದು. ಕೆಲವು ಪ್ರೊಸೆಸರುಗಳು ವೇಗಕ್ಕಾಗಿ ಕ್ರಮವನ್ನೇ ಹಿಂದುಮುಂದು ಮಾಡುವುದೂ ಉಂಟು. ಆದಕಾರಣ ಬಲ್ಲವರು ಸಲಕರಣೆಯ ಬಾಗಿಲನ್ನು ನೇರವಾಗಿ ಮುಟ್ಟದೆ, ಓದುವುದಕ್ಕೆ ಒಂದು, ಬರೆಯುವುದಕ್ಕೆ ಒಂದು ಎಂದು ಮೀಸಲಾದ ಸಣ್ಣ ಪ್ರೋಗ್ರಾಮುಗಳ ಮೂಲಕವೇ ಮುಟ್ಟುತ್ತಾರೆ. ಆಯಾ ಯಂತ್ರಕ್ಕೆ ಬೇಕಾದ ಎಚ್ಚರವೆಲ್ಲ ಆ ಒಂದು ಕಡೆಯಲ್ಲಿಯೇ ಅಡಗಿರುತ್ತದೆ.

ಮನೆಯಲ್ಲಿದ್ದುದನ್ನು ಓದುವ ಕ್ರಮವೂ ಊರೂರಿಗೆ ಬೇರೆ. ದೊಡ್ಡ ಸಂಖ್ಯೆಯನ್ನು ಒಂದು ಮನೆಯಲ್ಲಿ ಹಿಡಿಸಲಾಗದೆ ನಾಲ್ಕಾರು ಮನೆಗಳಲ್ಲಿ ಹಂಚಿಡಬೇಕಾಗುತ್ತದೆ. ಆಗ ದೊಡ್ಡ ಸ್ಥಾನವನ್ನು ಮೊದಲ ಮನೆಯಲ್ಲಿಡಬೇಕೆ, ಸಣ್ಣ ಸ್ಥಾನವನ್ನು ಮೊದಲಿಡಬೇಕೆ? ನಮ್ಮ ಪ್ರಾಚೀನರಿಗೆ ಈ ಎರಡೂ ಪದ್ಧತಿ ಗೊತ್ತಿತ್ತು. ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯನು ಸಂಖ್ಯೆಗಳಿಗೆ ಪದಗಳನ್ನು ಬಳಸಿದ್ದಾನೆ. ಈ ಪದ್ಧತಿಯಲ್ಲಿ ಕರವೆಂದರೆ ಎರಡು, ವೇದವೆಂದರೆ ನಾಲ್ಕು. ಕರ, ವೇದ ಎಂದು ಹೇಳಿದರೆ ಇಪ್ಪತ್ತನಾಲ್ಕಲ್ಲ, ನಲವತ್ತೆರಡು. ಏಕೆಂದರೆ ಅಂಕಗಳ ನಡೆ ಎಡಕ್ಕೆ, ಬಿಡಿಸ್ಥಾನವೇ ಮೊದಲು. ಅಂಕಿಗಳಲ್ಲಿ ಬರೆಯುವಾಗಲಾದರೋ ಹತ್ತರ ಸ್ಥಾನವೇ ಮೊದಲು. ಈ ನಿಯಮವನ್ನರಿಯದೆ ಕಾಲಸೂಚಕ ಪದ್ಯಗಳನ್ನು ಓದಿದವನ ಇಸವಿ ತಲೆಕೆಳಗಾಗುತ್ತದೆ.

ಗಣಕಯಂತ್ರಗಳಲ್ಲಿಯೂ ಇದೇ ಆಯಿತು. ಅಮೆರಿಕದ ಬೆಲ್ ಪ್ರಯೋಗಶಾಲೆಯವರು ಯುನಿಕ್ಸ್ ಎಂಬ ಮೂಲ ತಂತ್ರಾಂಶವನ್ನು ೧೯೭೩ರಲ್ಲಿ ಸಿ ಭಾಷೆಯಲ್ಲಿ ಬರೆದು, ೧೯೭೭ರ ಸುಮಾರಿಗೆ ಪಿಡಿಪಿ-೧೧ ಎಂಬ ಯಂತ್ರದಿಂದ ಇಂಟರ್‌ಡೇಟಾ ಎಂಬ ಇನ್ನೊಂದು ಯಂತ್ರಕ್ಕೆ ಒಯ್ಯತೊಡಗಿದರು. ಒಂದರಲ್ಲಿ ಸಣ್ಣ ಸ್ಥಾನ ಮೊದಲು, ಇನ್ನೊಂದರಲ್ಲಿ ದೊಡ್ಡ ಸ್ಥಾನ ಮೊದಲು. ಯು, ಎನ್, ಐ, ಎಕ್ಸ್ ಎಂದು ಬರಬೇಕಾದ ಹೆಸರು ಜೋಡಿಜೋಡಿಯಾಗಿ ತಿರುಗುಮುರುಗಾಗಿ ಎನ್, ಯು, ಎಕ್ಸ್, ಐ ಎಂದು ಬಂದ ಕಥೆಯನ್ನು ಈ ಶಾಸ್ತ್ರದವರು ಇಂದಿಗೂ ನಗುತ್ತ ಹೇಳುವುದುಂಟು. ಒಂದು ಯಂತ್ರದಿಂದ ಹೊರಟು ಇನ್ನೊಂದನ್ನು ಸೇರುವ ಸಂಖ್ಯೆಗೆ ಕ್ರಮ ಯಾವುದೆಂದು ಮೊದಲೇ ಗೊತ್ತುಮಾಡಿ, ಎಲ್ಲೆಯಲ್ಲಿ ನಿಂತು ತಿರುಗಿಸಿಕೊಳ್ಳುವುದೇ ಇದಕ್ಕೆ ಮದ್ದು.

ಕ್ರಮದಂತೆ ಅಗಲವನ್ನೂ ನಂಬುವಂತಿಲ್ಲ. ಹಿಂದೆ ನಮ್ಮ ವಾಡಿ ಜಂಕ್ಷನ್ನಿನಲ್ಲಿ ಬ್ರಿಟಿಷರ ಕಡೆಯ ರೈಲೂ ೧೮೭೪ರಲ್ಲಿ ಆರಂಭವಾದ ನಿಜಾಮರ ರೈಲೂ ಕೂಡುತ್ತಿದ್ದವು. ಆ ಕಾಲದಲ್ಲಿ ನಿಜಾಮರ ಹಾಲಿ ಸಿಕ್ಕಾ ರೂಪಾಯಿ ಬೇರೆ, ಬ್ರಿಟಿಷರ ಕಲ್ದಾರ್ ರೂಪಾಯಿ ಬೇರೆ. ಆರು ಕಲ್ದಾರಿಗೆ ಏಳು ಹಾಲಿ ಎಂಬುದು ಲೆಕ್ಕ. ಬರಿಯ ರೂಪಾಯಿ ಎಂದು ಬರೆದ ಪತ್ರದಿಂದ ತಕರಾರು ಹುಟ್ಟುವುದು ಸಹಜ. ಸಿ ಭಾಷೆಯ ಲಾಂಗ್ ಎಂಬ ಸಂಖ್ಯೆಯೂ ಅಂಥದೇ. ಅರವತ್ತನಾಲ್ಕು ಬಿಟ್ಟಿನ ಲಿನಕ್ಸಿನಲ್ಲಿ ಅದರ ಅಗಲ ಎಂಟು ಬೈಟು, ಅದೇ ಬಗೆಯ ವಿಂಡೋಸಿನಲ್ಲಿ ನಾಲ್ಕೇ ಬೈಟು. ಮನೆನಂಬರನ್ನು ಲಾಂಗಿನಲ್ಲಿ ಬರೆದಿಟ್ಟವನು ಲಿನಕ್ಸಿನಿಂದ ವಿಂಡೋಸಿಗೆ ಬಂದರೆ ನಂಬರಿನ ಅರ್ಧ ಉದುರಿಹೋಗುತ್ತದೆ. ಅಗಲವನ್ನು ಹೆಸರಿನಲ್ಲಿಯೇ ಸ್ಪಷ್ಟವಾಗಿ ಹೇಳುವ ಬಗೆಗಳು ಈಗ ಆ ಭಾಷೆಯಲ್ಲಿವೆ. ಅವನ್ನೇ ಬಳಸುವುದು ಕ್ಷೇಮ.

ಹೀಗೆ ನಡುವೆ ಭಂಡಾರಿಗನನ್ನಿಟ್ಟರೆ ಕೆಲಸ ನಿಧಾನವಾಗದೆ ಎಂಬ ಸಂಶಯ ನ್ಯಾಯವಾದದ್ದೇ. ಸ್ವಲ್ಪ ಆಗಬಹುದು. ಆದರೆ ನೆಲೆಯನ್ನು ಏಳುವಾಗ ಒಮ್ಮೆ ಕೇಳಿ ತಿಳಿದುಕೊಂಡರೆ ಆಮೇಲೆ ಪದೇಪದೇ ಕೇಳಬೇಕಾಗಿಲ್ಲ. ಉಳಿದ ಅಲ್ಪ ವೆಚ್ಚವನ್ನು, ಯಂತ್ರ ಬದಲಾದಾಗಲೆಲ್ಲ ಎಲ್ಲವನ್ನೂ ಮತ್ತೆ ಬರೆಯುವ ವೆಚ್ಚದೊಡನೆ ತೂಗಿ ನೋಡಬೇಕು. ಫೋನುಗಳಲ್ಲಿ ಆ ದೊಡ್ಡ ವೆಚ್ಚವನ್ನು ತಯಾರಕರು ಮಾಡಲೊಲ್ಲದೆ ಹೋದಾಗ ನಷ್ಟ ಬಂದದ್ದು ಕೊಂಡವರಿಗೆ. ೨೦೧೭ರ ಆಂಡ್ರಾಯ್ಡ್ ೮ರಲ್ಲಿ ಗೂಗಲ್ ಸಂಸ್ಥೆಯವರು ಹಲಗೆಗೆ ಅಂಟಿದ ಭಾಗವನ್ನೂ ಮೇಲಿನ ಭಾಗವನ್ನೂ ಬೇರ್ಪಡಿಸಿ ನಡುವೆ ಗೊತ್ತಾದ ಒಪ್ಪಂದವನ್ನು ತಂದದ್ದು ಈ ಕಾರಣದಿಂದಲೇ. ಕೆಳಗಿನದನ್ನು ಮುಟ್ಟದೆ ಮೇಲಿನದನ್ನು ಹೊಸದಾಗಿಸಬಹುದಾದರೆ ಫೋನಿನ ಆಯುಸ್ಸು ಹೆಚ್ಚುತ್ತದೆ.

ಇಂದು ನಮ್ಮ ದೇಶದಲ್ಲಿಯೇ ಪ್ರೊಸೆಸರುಗಳನ್ನು ರೂಪಿಸುತ್ತಿದ್ದಾರೆ. ಮದ್ರಾಸಿನ ಐ.ಐ.ಟಿ.ಯವರ ಶಕ್ತಿ, ಸಿ-ಡ್ಯಾಕ್ ಸಂಸ್ಥೆಯವರ ವೇಗಾ ಇವು ಆ ಬಗೆಯವು. ಇನ್ನೂ ಹುಟ್ಟದ ಎಷ್ಟೋ ಯಂತ್ರಗಳು ಮುಂದೆ ಬರಲಿವೆ, ಅವುಗಳ ನಕಾಶೆ ಇಂದು ಯಾರಿಗೂ ತಿಳಿಯದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಮನೆಗಳಿಂದ ಹೊರಟು ಈ ವಿದ್ಯೆಯನ್ನು ಕಲಿಯುತ್ತಿರುವ ಹುಡುಗ ಹುಡುಗಿಯರು ಆ ಯಂತ್ರಗಳಿಗೆ ಬರೆಯತಕ್ಕವರು. ತಂದೆತಾಯಿಗಳು ದೀಪ ಹೊತ್ತಿತೆ ಎಂದು ಮಾತ್ರ ಅವರನ್ನು ಕೇಳದೆ, ಬೇರೆ ಹಲಗೆಯಲ್ಲಿಯೂ ಹೊತ್ತೀತೆ ಎಂದು ಕೇಳುವಂತಾಗಲಿ. ನಂಬರನ್ನು ಒಂದೇ ಕಡೆ ಬರೆಯಿರಿ. ಉಳಿದೆಡೆ ಹೆಸರಿನಿಂದ ಕರೆಯಿರಿ. ಊಹಿಸುವ ಬದಲು ಯಂತ್ರವನ್ನೇ ಕೇಳಿರಿ. ಇಷ್ಟನ್ನು ಪಾಲಿಸಿದವರ ಬರಹ ಅವರ ಯಂತ್ರ ಹಳತಾದ ಮೇಲೂ ಬಾಳುತ್ತದೆ. ಜನರ ದುಡ್ಡೂ ಉಳಿಯುತ್ತದೆ.